ಮೂರು ಎಡ ಸೇರಿದರೆ ಒಂದು ಬಲ

ರಾತ್ರಿ ಹೊತ್ತು ಕಾರು ಓಡಿಸುವುದು ನನಗೆ ಇಷ್ಟವಿಲ್ಲ. ಮಳೆಯಲ್ಲಿ ಇಷ್ಟವಿಲ್ಲ. ಬಲಕ್ಕೆ ತಿರುಗುವುದು ಇಷ್ಟವಿಲ್ಲ. ರಿವರ್ಸ್ ತೆಗೆಯುವುದಂತೂ ಸುತರಾಂ ಇಷ್ಟವಿಲ್ಲ. ಅರವತ್ತು ದಾಟಿದ ಮೇಲೆ ಗಂಡಸಿಗೆ ಸಿಗುವ ದೊಡ್ಡ ಸವಲತ್ತು ಇದೇ: ಕೈಲಾಗದ್ದನ್ನೆಲ್ಲ ಇಷ್ಟವಿಲ್ಲ ಎಂದು ಗತ್ತಿನಿಂದ ಹೇಳಬಹುದು. ಹೊರಗಿನವರ ಹತ್ತಿರ ಇದು ನಡೆಯುತ್ತದೆ. ಮನೆಯಲ್ಲಿ ನಡೆಯುವುದಿಲ್ಲ. "ಇಷ್ಟ ಇಲ್ಲ ಅಂತ ಯಾಕೆ ರಾಗ ಎಳೀತೀರಿ? ಆಗಲ್ಲ ಅನ್ನಿ, ಮುಗೀತು" ಎನ್ನುತ್ತಾಳೆ ಹೆಂಡತಿ, ಹುರುಳಿಕಾಯಿಯ ನಾರು ತೆಗೆಯುತ್ತ, ತಲೆಯನ್ನೂ ಎತ್ತದೆ.

ಬಲಕ್ಕೆ ತಿರುಗುವುದನ್ನೇ ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ ರಸ್ತೆಯ ಎಡಗಡೆ ಓಡಿಸುವ ಪದ್ಧತಿ. ಹಾಗಾಗಿ ಬಲಕ್ಕೆ ಹೋಗಬೇಕೆಂದರೆ ಎದುರಿನಿಂದ ಬರುವವರಿಗೆಲ್ಲ ಅಡ್ಡ ಹೋಗಬೇಕು. ಬಸ್ಸು ಎಷ್ಟು ದೂರದಲ್ಲಿದೆ, ಎಷ್ಟು ಜೋರಾಗಿ ಬರುತ್ತಿದೆ, ಅದರ ಮಗ್ಗುಲಿಂದ ಯಾವ ಸ್ಕೂಟರ್ ನುಸುಳಲಿದೆ, ಇಷ್ಟನ್ನೂ ಒಂದೇ ಉಸಿರಿನಲ್ಲಿ ಲೆಕ್ಕ ಹಾಕಬೇಕು. ವಯಸ್ಸಾದ ಚಾಲಕರು ಹೆಚ್ಚಾಗಿ ಎಡವುವುದು ಇಂಥ ಅಡ್ಡ ತಿರುವುಗಳಲ್ಲೇ ಎಂದು ರಸ್ತೆ ಸುರಕ್ಷತೆಯ ಪಂಡಿತರು ಎಂದೋ ಹೇಳಿದ್ದಾರೆ. ನಾನು ಲೆಕ್ಕ ಹಾಕುವಷ್ಟರಲ್ಲಿ ಸಿಗ್ನಲ್ ಮತ್ತೆ ಕೆಂಪಾಗಿರುತ್ತದೆ, ಹಿಂದಿನವರು ನನ್ನ ವಂಶವನ್ನು ನೆನೆಯುತ್ತಿರುತ್ತಾರೆ. ಆದ್ದರಿಂದ ಹೈಸ್ಕೂಲಿನ ರೇಖಾಗಣಿತಕ್ಕೆ ಮೊರೆಹೋದೆ. ಮೂರು ಸಲ ಎಡಕ್ಕೆ ತಿರುಗಿದರೆ ಒಂದು ಸಲ ಬಲಕ್ಕೆ ತಿರುಗಿದ ಹಾಗೆ. ಮೈಸೂರಿನ ಬಡಾವಣೆಗಳಲ್ಲಿ ರಸ್ತೆಗಳು ಮೇನು, ಕ್ರಾಸು ಎಂದು ಚೌಕಳಿಯಾಗಿ ಇರುವುದರಿಂದ ಇದು ಸಾಧ್ಯವೂ ಹೌದು. ಹೀಗೆ ಕುವೆಂಪುನಗರದಿಂದ ದೇವರಾಜ ಮಾರುಕಟ್ಟೆಗೆ ನಾನು ಹೋಗುವ ದಾರಿಯನ್ನು ನಕ್ಷೆಯಲ್ಲಿ ಬರೆದರೆ ಮದುವೆಮನೆಯ ರಂಗೋಲಿ ಆಗುತ್ತದೆ.

"ಸೊಪ್ಪು ತರೋಕೆ ಹೊರಟರೆ ಅದು ಮನೆ ಸೇರೋ ಹೊತ್ತಿಗೆ ಬಾಡಿರುತ್ತೆ" ಎಂದಳು. ನಾನು ಅಮೆರಿಕದ ಉದಾಹರಣೆ ಕೊಟ್ಟೆ. ಅಲ್ಲಿ ಬಲಗಡೆಯ ಚಾಲನೆ, ಅಪಾಯದ್ದು ಎಡ ತಿರುವು. ಯುಪಿಎಸ್ ಎಂಬ ದೊಡ್ಡ ಪಾರ್ಸೆಲ್ ಕಂಪನಿ ತನ್ನ ಗಾಡಿಗಳು ಆದಷ್ಟೂ ಎಡಕ್ಕೆ ತಿರುಗದ ಹಾಗೆ ದಾರಿ ಹಾಕಿಕೊಡುತ್ತದೆ, ಅದರಿಂದ ಹೊತ್ತೂ ಇಂಧನವೂ ಉಳಿಯುತ್ತದಂತೆ ಎಂದೆ. "ಅವರು ಸಾವಿರಾರು ಪಾರ್ಸೆಲ್ ಹಾಕ್ಕೊಂಡು ಹೋಗ್ತಾರೆ. ನೀವು ಹಾಕ್ಕೊಂಡು ಹೋಗ್ತಿರೋದು ನನ್ನೊಬ್ಬಳನ್ನ" ಎಂದಳು. ಈ ಮಾತಿಗೆ ಯುಪಿಎಸ್‌ನವರೂ ಉತ್ತರ ಕೊಡಲಾರರು.

ರೇಖಾಗಣಿತ ಕೈಕೊಡುವುದು ಸರ್ಕಲ್ಲಿನಲ್ಲಿ. ಮೈಸೂರು ಸರ್ಕಲ್ಲುಗಳ ಊರು. ಒಳಗೆ ಸುತ್ತುತ್ತಿರುವವರಿಗೆ ಮೊದಲು ದಾರಿ, ಹೊರಗಿನಿಂದ ಬರುವವರು ಕಾಯಬೇಕು ಎಂಬುದು ನಿಯಮ. ಈ ನಿಯಮ ನನಗೆ ಗೊತ್ತು, ಹೊರಗಿನಿಂದ ಬರುವವರಿಗೆ ಗೊತ್ತಿಲ್ಲ. ಎಡಕ್ಕೆ ಸರಿದು ಆಚೆ ಬೀಳೋಣವೆಂದರೆ ಎಡಗಡೆ ಸದಾ ಒಂದು ಆಟೋ ಇರುತ್ತದೆ. ಕೆ.ಆರ್. ಸರ್ಕಲ್ಲಿನಲ್ಲಿ ಮಂಟಪದಡಿ ನಿಂತ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರತಿಮೆಯ ಮುಖ, ಬೆನ್ನು, ಮತ್ತೆ ಮುಖ, ಮತ್ತೆ ಬೆನ್ನು ನೋಡುತ್ತ ಪ್ರದಕ್ಷಿಣೆ ಹಾಕಿದ್ದೇನೆ. ರಾಜಭಕ್ತಿ ಜಾಸ್ತಿಯಾಗಿದೆ ಎಂದು ಟ್ರಾಫಿಕ್ ಪೊಲೀಸಿನವರು ತಿಳಿದುಕೊಂಡಿದ್ದರೆ ಸಂತೋಷ.

ಕಣ್ಣಿನ ಕತೆ ಬೇರೆ. ವಯಸ್ಸಾಗುತ್ತ ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಅರಳುವುದಿಲ್ಲ, ಒಳಗಿನ ಮಸೂರ ಮಬ್ಬಾಗುತ್ತದೆ. ಎದುರಿನವನ ಹೆಡ್‌ಲೈಟು ಆ ಮಬ್ಬಿನಲ್ಲಿ ಚೆದುರಿ ಇಡೀ ಗಾಜು ಬೆಳ್ಳಗಾಗುತ್ತದೆ, ಆ ಬೆಳಕಿನ ಹೊಡೆತದಿಂದ ಚೇತರಿಸಿಕೊಳ್ಳುವುದಕ್ಕೂ ಹೆಚ್ಚು ಹೊತ್ತು ಬೇಕು. ಈಗಿನ ಎಲ್‌ಇಡಿ ದೀಪಗಳ ಕಾಲದಲ್ಲಿ ನಾನು ರಾತ್ರಿ ಓಡಿಸುತ್ತಿದ್ದುದು ಅರ್ಧ ಕಣ್ಣಿನಿಂದ, ಅರ್ಧ ಹೆಂಡತಿಯ ಕಿರುಚಾಟದಿಂದ. ಕೊನೆಗೆ ಪೊರೆಯ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಜಗತ್ತು ಹೊಸದಾಗಿ ಸುಣ್ಣ ಬಳಿದಂತಿತ್ತು. ಮನೆಗೆ ಬಂದವನಿಗೆ ಗೇಟಿನ ಹತ್ತಿರ ಮೊದಲು ಕಂಡದ್ದು ನನ್ನ ಕಾರಿನ ಎಡಮಗ್ಗುಲು. ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಉದ್ದಕ್ಕೆ ಗೀರುಗಳು, ಗೀರಿನೊಳಗೆ ಹಸಿರು ಬಣ್ಣ. ನಮ್ಮ ಗೇಟಿನ ಬಣ್ಣ ಹಸಿರು. ತಿರುಗಿ ಗೇಟು ನೋಡಿದೆ. ಕಾರು ಕಳೆದುಕೊಂಡ ಬಿಳಿ ಬಣ್ಣವೆಲ್ಲ ಅಲ್ಲಿ ಭದ್ರವಾಗಿತ್ತು. "ಯಾರೋ ತಾಗಿಸಿಬಿಟ್ಟಿದಾರೆ ಕಣೇ" ಎಂದೆ. "ಹೂಂ, ಆ 'ಯಾರೋ'ಗೆ ಆಪರೇಷನ್ ಆಯ್ತಲ್ಲ, ಇನ್ನು ಸರಿಹೋಗುತ್ತೆ" ಎಂದು ಒಳಗೆ ಹೋದಳು.

ಕಣ್ಣು ಸರಿಯಾದ ಮೇಲೆ ಡಿಎಲ್ ನವೀಕರಣದ ಸರದಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ 55 ದಾಟಿದವರ ಡಿಎಲ್ ನವೀಕರಣ 5 ವರ್ಷಕ್ಕೆ ಮಾತ್ರ. ಅವಧಿ ಮುಗಿದು ವರ್ಷ ಕಳೆಯುವವರೆಗೂ ಸುಮ್ಮನಿದ್ದರೆ ಮತ್ತೆ ಟೆಸ್ಟು. ಜತೆಗೆ ವೈದ್ಯರ ಸಹಿಯ ಫಾರಂ 1-ಎ ಬೇಕು. ಬಣ್ಣಗಳು ಸರಿಯಾಗಿ ಕಾಣುತ್ತವೆಯೇ, ಹಗಲಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟು ಕಾಣುತ್ತದೆಯೇ, ಹಾರ್ನ್‌ನಂಥ ಶಬ್ದ ಕಿವಿಗೆ ಬೀಳುತ್ತದೆಯೇ ಎಂದೆಲ್ಲ ಅದರಲ್ಲಿ ಪ್ರಶ್ನೆಗಳಿವೆ. ಜೊತೆಗೆ ಬಂದಿದ್ದ ಹೆಂಡತಿ ಡಾಕ್ಟರಿಗೆ ಹೇಳಿದಳು: "ಹಾರ್ನು ಕೇಳಿಸುತ್ತೆ ಡಾಕ್ಟ್ರೇ. ನಾನು ಬ್ರೇಕ್ ಬ್ರೇಕ್ ಅಂದಿದ್ದು ಕೇಳಿಸಲ್ಲ. ಅದಕ್ಕೆ ಕಾಲಂ ಇದೆಯಾ?" ಡಾಕ್ಟರೂ ಮದುವೆಯಾದವರು. ಬೇಗ ಸಹಿ ಹಾಕಿಕೊಟ್ಟರು.

ಕಾಗದ ಸರಿಯಾದರೂ ಕೈ ಪಳಗಿರಬೇಕಲ್ಲ. ಮಗ ಫೋನಿನಲ್ಲಿ, "ಅಪ್ಪಾ, ಡ್ರೈವಿಂಗ್ ಸ್ಕೂಲಿಗೆ ಹೋಗಿ ಒಂದು ಸಲ ತಿದ್ದಿಸ್ಕೊಂಡು ಬಾ" ಎಂದ. ಅವನಿಗೆ ಗೇರು ಕಲಿಸಿದವನೇ ನಾನು. ಆದರೂ ಹೋದೆ. ಗುರು ನಮ್ಮ ಮೊಮ್ಮಗನಿಗಿಂತ ಸ್ವಲ್ಪ ದೊಡ್ಡವನು, ಅಷ್ಟೇ. ಕಾರಿನ ನೆತ್ತಿಯ ಮೇಲೆ ಕೆಂಪು ಎಲ್ ಬೋರ್ಡು. ನಾನು ಕೂತವನೇ ಅಭ್ಯಾಸಬಲದಿಂದ ಎಡಗಡೆಯ ಕನ್ನಡಿಯನ್ನು ಒಳಕ್ಕೆ ಮಡಚಲು ಹೇಳಿದೆ.

"ಯಾಕೆ ಸಾರ್?"

"ಹೊರಗೆ ಬಿಟ್ಟರೆ ಯಾರಾದ್ರೂ ತಾಗಿಸ್ತಾರಪ್ಪ."

"ತಾಗಿಸೋರು ಕಾಣ್ಲಿ ಅಂತಾನೇ ಸಾರ್ ಅದನ್ನ ಇಟ್ಟಿರೋದು."

ಆಮೇಲೆ ಸೀಟು. ನಾನು ಸ್ಟೀರಿಂಗನ್ನು ಎದೆಗವುಚಿಕೊಂಡು ಕೂರುವವನು. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಎದೆಗೂ ಸ್ಟೀರಿಂಗಿಗೂ 25 ಸೆಂಟಿಮೀಟರ್ ಆದರೂ ಅಂತರ ಬೇಕೆಂದು ಹುಡುಗ ಗೇಣು ಹಾಕಿ ತೋರಿಸಿದ. ಸೀಟು ಹಿಂದಕ್ಕೆ ಹೋಯಿತು, ಹೊಟ್ಟೆಗೆ ಮೊದಲ ಬಾರಿ ಗಾಳಿ ಸಿಕ್ಕಿತು. ಕ್ಲಚ್ಚಿನ ಮೇಲೆ ಕಾಲು ಇಟ್ಟುಕೊಂಡೇ ಓಡಿಸಬೇಡಿ ಎಂದ. ತಿರುಗುವಾಗ ಕೈ ಹೊರಗೆ ಚಾಚಬೇಡಿ, ಇಂಡಿಕೇಟರ್ ಇದೆ ಎಂದ. ಕನ್ನಡಿಗೆ ಕಾಣದ ಮೂಲೆಯನ್ನು ಕತ್ತು ತಿರುಗಿಸಿಯೇ ನೋಡಬೇಕು ಎಂದ. ನನ್ನ ಕತ್ತು ಒಂದು ಹದದವರೆಗೆ ತಿರುಗಿ ಕಟಕ್ ಎಂದು ನಿಂತಿತು. "ಬೆಳಿಗ್ಗೆ ಹೊತ್ತು ಅಭ್ಯಾಸ ಮಾಡಿ ಸಾರ್" ಎಂದ. ಅಷ್ಟರಲ್ಲಿ ವಾಕಿಂಗ್ ಗುಂಪಿನ ನನ್ನ ನಿವೃತ್ತ ಮಿತ್ರರು ಎದುರಾದರು. "ಏನ್ರೀ ಇದು, ಎಲ್ ಬೋರ್ಡು?" ಎಂದರು. "ಹುಡುಗನಿಗೆ ಕಲಿಸ್ತಾ ಇದೀನಿ" ಎಂದೆ. ಹುಡುಗ ಮಾತಾಡಲಿಲ್ಲ. ತನ್ನ ಕಡೆಯ ಬ್ರೇಕನ್ನು ಮೆಲ್ಲಗೆ ಒತ್ತಿ ನನ್ನನ್ನು ಮೋರಿಯ ಪಕ್ಕ ನಿಲ್ಲಿಸಿದ.

ಈಗ ಬೆಳಿಗ್ಗೆ ಕಾಫಿಗೆ ಮುಂಚೆ ನಡುಮನೆಯಲ್ಲಿ ಕತ್ತಿನ ವ್ಯಾಯಾಮ ನಡೆಯುತ್ತದೆ. ಎಡಕ್ಕೆ, ಬಲಕ್ಕೆ. ಕೆಲಸದವಳು ಮೊದಮೊದಲು ನಾನು ಏನೋ ಬೇಡ ಬೇಡ ಎನ್ನುತ್ತಿದ್ದೇನೆಂದು ಕಾಫಿ ವಾಪಸ್ ಒಯ್ದುಬಿಡುತ್ತಿದ್ದಳು. ಭಾನುವಾರ ಬೆಳಿಗ್ಗೆ ರಸ್ತೆ ಖಾಲಿಯಿದ್ದಾಗ ಬ್ಯಾಟರಿ ಇಳಿಯದಿರಲೆಂದು ಒಂದು ಸುತ್ತು. ರಾತ್ರಿಯ ಮದುವೆ ಊಟಗಳಿಗೆ ಆಟೋ. ಘಾಟಿ ರಸ್ತೆಗಳನ್ನು ಮಗನಿಗೆ ಬರೆದುಕೊಟ್ಟಾಗಿದೆ. ಗೇರು ಬದಲಿಸುವ ಗೋಜೇ ಇಲ್ಲದ ಆಟೋಮ್ಯಾಟಿಕ್ ಕಾರು ಕೊಡಿಸುತ್ತೇನೆಂದು ಅವನು ಹೇಳುತ್ತಿದ್ದಾನೆ. ನನಗೆ ಇಷ್ಟವಿಲ್ಲ. ಈ ಸಲ ನಿಜವಾಗಿಯೂ ಇಷ್ಟವಿಲ್ಲ, ಆದರೆ ಮನೆಯಲ್ಲಿ ಯಾರೂ ನಂಬುತ್ತಿಲ್ಲ.

ಮೈಸೂರಿಗೆ ಬಂದಾಗ ಎಡಮಗ್ಗುಲಿಗೆ ಹಸಿರು ಗೀರಿರುವ ಬಿಳಿ ಕಾರೊಂದು ಮೂವತ್ತರ ವೇಗದಲ್ಲಿ ನಿಮ್ಮ ಮುಂದೆ ಹೋಗುತ್ತಿದ್ದರೆ ದಯವಿಟ್ಟು ಹಾರ್ನ್ ಹೊಡೆಯಬೇಡಿ. ನೀವು ಹೇಳಬೇಕೆಂದಿರುವುದನ್ನೆಲ್ಲ ಪಕ್ಕದ ಸೀಟಿನವರು ಆಗಲೇ ಹೇಳಿರುತ್ತಾರೆ.