ಮರಿ ಉಳಿಸುವ ಮೇಷ್ಟ್ರು

ಮೇ ತಿಂಗಳ ಗಾಳಿಮಳೆ ಒಂದು ಸುತ್ತು ಹೊಡೆದರೆ ಸಾಕು, ಮೇಷ್ಟ್ರು ಹೆಗಲಿಗೆ ಟವೆಲ್ ಹಾಕಿಕೊಂಡು ಬೀದಿಗಿಳಿಯುತ್ತಾರೆ. ಚನ್ನಗಿರಿಯಲ್ಲಿ ಅಡಿಕೆ ತೋಟದ ಬೇಲಿ, ಹೊನ್ನಾಳಿಯಲ್ಲಿ ಹೊಳೆದಂಡೆ, ನ್ಯಾಮತಿಯಲ್ಲಿ ಹೆಂಚಿನ ಮನೆಗಳ ಸೂರು, ಎಲ್ಲ ತಡಕುತ್ತಾರೆ. ಜಗಳೂರಿನಲ್ಲಾದರೆ ಇನ್ನೊಂದು ಮಾತು ಸೇರುತ್ತದೆ: “ರಂಗಯ್ಯನದುರ್ಗದಾಗೆ ಕೊಂಡುಕುರಿ ಕಾಯಾಕೆ ಇಲಾಖೆ ಐತಿ. ಈ ಗೊರವಂಕದ ಮರಿಗೆ ಯಾರಿದಾರ್ರೀ?”

ಹೆಸರು ಊರಿಗೊಂದು, ಮನುಷ್ಯ ಒಬ್ಬರೇ. ನಿವೃತ್ತರು, ಕರುಳುಳ್ಳವರು, ಯಾರ ಮಾತೂ ಕೇಳದವರು.

ಪುಕ್ಕ ಬಂದು, ಬಾಲ ಇನ್ನೂ ಮೋಟಾಗಿದ್ದು, ನೆಲದಲ್ಲಿ ಕುಪ್ಪಳಿಸುತ್ತ ಹಾರಲು ಕಲಿಯುವ ಮರಿ ಇವರ ಕಣ್ಣಿಗೆ ಅನಾಥ. ಎದುರಿನ ಕಾಂಪೌಂಡಿನ ಮೇಲೆ ತಾಯಿ ಗೊರವಂಕ ಮಿಡತೆ ಕಚ್ಚಿಕೊಂಡು ಚಡಪಡಿಸುತ್ತಿರುತ್ತದೆ, ತಂದೆ ಲೈಟುಕಂಬದ ಮೇಲೆ ಕೂತು ಕಿರುಚುತ್ತಿರುತ್ತದೆ. “ಛೇ, ಪಾಪದ ಮರಿ ಕುಕ್ಕಾಕೆ ಬಂದ್ವು!” ಎಂದು ಮೇಷ್ಟ್ರು ಛತ್ರಿ ಬೀಸುತ್ತಾರೆ. ಹೆತ್ತವರನ್ನು ಓಡಿಸಿ ಅನಾಥನನ್ನು ಮನೆಗೆ ತರುವುದೇ ರಕ್ಷಣೆಯ ಮೊದಲ ಹಂತ.

ಎರಡನೆಯದು ನಾಮಕರಣ. ಗಂಡೋ ಹೆಣ್ಣೋ ತಿಳಿಯದಿದ್ದರೂ ‘ಚಿನ್ನು’. ಮೂರನೆಯದು ವಾಟ್ಸಾಪ್ ಸ್ಟೇಟಸ್. ಊಟದ ಯೋಚನೆ ಆಮೇಲೆ.

ಮೊದಲು ಇಂಕ್ ಫಿಲ್ಲರಿನಲ್ಲಿ ಹಾಲು ಬರುತ್ತದೆ. ಹಕ್ಕಿಗೆ ಹಾಲು ಅರಗುವುದಿಲ್ಲ ಎಂದರೆ, “ನೀನು ಏನು ಕುಡಿದು ಬೆಳೆದಿಯಪ್ಪ?” ಎನ್ನುತ್ತಾರೆ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ಬಾಯಿಗೆ ಬಿಟ್ಟ ನೀರು ನೇರ ಅಲ್ಲಿಗೇ ಇಳಿದೀತು ಎಂದರೆ, “ಬಾಯಾರಿದ ಜೀವಕ್ಕೆ ನೀರು ಬ್ಯಾಡ ಅಂತೀಯಲ್ಲ!” ಕಾಳು ತಿನ್ನುವ ಗುಬ್ಬಿಯೂ ಮರಿಗೆ ಹುಳವನ್ನೇ ಉಣಿಸುತ್ತದೆ ಎಂದರಂತೂ ಮುಖ ಕಿವುಚುತ್ತಾರೆ: “ನಮ್ಮನೇಲಿ ಅದೆಲ್ಲ ನಡೆಯಂಗಿಲ್ಲ. ಚಿನ್ನು ಮಂಡಕ್ಕಿ ತಿಂತಾನೆ.” ಹೀಗೆ ಗೊರವಂಕವೊಂದು ಶುದ್ಧ ಸಸ್ಯಾಹಾರಿಯಾಗುತ್ತದೆ.

ಗಿಳಿಮರಿ ಸಿಕ್ಕರೆ ಪಂಜರವೂ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಗಿಳಿಯನ್ನು ಹಿಡಿದಿಡುವುದು ಅಪರಾಧ ಎಂದು ನೆನಪಿಸಿದರೆ ಉತ್ತರ ಸಿದ್ಧ: “ಪಂಜರ ಎಲ್ಲೈತಿ? ಇದು ಐಸಿಯು.”

ಬೆಳಗಿನಿಂದ ಕತ್ತಲಾಗುವ ತನಕ ಮತ್ತೆ ಮತ್ತೆ ಗುಟುಕು ಕೊಡಬೇಕು ಎಂದು ಗೊತ್ತಾದ ದಿನ ಮೇಷ್ಟ್ರಿಗೆ ದಾವಣಗೆರೆಯಲ್ಲಿ ಪಿಂಚಣಿ ಕೆಲಸ ನೆನಪಾಗುತ್ತದೆ. “ಒಂಚೂರು ನೋಡ್ಕಳೇ” ಎಂದು ಚಪ್ಪಲಿ ಮೆಟ್ಟುತ್ತಾರೆ. “ನಿಮ್ಮ ಮಕ್ಕಳನ್ನೂ ಹಿಂಗೇ ಸಾಕಿದ್ರಿ, ಹೋಗ್ಬರ್ರಿ” ಎನ್ನುತ್ತಾರೆ ಮನೆಯವರು.

ಕಾಗೆ ನೋಡಿ. ಗೂಡಿನಲ್ಲಿ ಕೋಗಿಲೆ ಇಟ್ಟುಹೋದ ಮೊಟ್ಟೆಗೂ ಕಾವು ಕೊಟ್ಟು, ಮರಿಗೆ ಗುಟುಕು ಕೊಟ್ಟು ದೊಡ್ಡದು ಮಾಡುತ್ತದೆ. ಒಂದು ಸ್ಟೇಟಸ್ ಹಾಕಿದ್ದುಂಟೇ?

ಮೇಷ್ಟ್ರ ಕರುಣೆ ಸುಳ್ಳಲ್ಲ, ಅವಸರ ಮಾತ್ರ ಜಾಸ್ತಿ. ನಿಮ್ಮ ಬೀದಿಯಲ್ಲೂ ಅವರಿದ್ದರೆ ಇಷ್ಟು ಹೇಳಿ: ಪುಕ್ಕ ಬಾರದ ಮರಿ ಬಿದ್ದಿದ್ದರೆ ಗೂಡಿಗೇ ವಾಪಸಿಡಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎನ್ನುವುದು ಬರೀ ನಂಬಿಕೆ. ಪುಕ್ಕ ಬಂದಿದ್ದರೆ ಹತ್ತಿರದ ಕೊಂಬೆಗೆ ಏರಿಸಿ, ನಾಯಿ ಬೆಕ್ಕು ಬಾರದಂತೆ ನೋಡಿಕೊಂಡು ದೂರ ನಿಲ್ಲಿ. ಗಾಯವಾಗಿದ್ದರೆ ರಟ್ಟಿನ ಡಬ್ಬಿಯಲ್ಲಿಟ್ಟು ಪಶು ಆಸ್ಪತ್ರೆಗೋ ಅರಣ್ಯ ಇಲಾಖೆಗೋ ಒಯ್ಯಿರಿ. ಉಳಿದದ್ದನ್ನು ತಾಯಿ ನೋಡಿಕೊಳ್ಳುತ್ತಾಳೆ. ಅವಳಿಗೆ ದಾವಣಗೆರೆಯಲ್ಲಿ ಕೆಲಸ ಇರುವುದಿಲ್ಲ.