ಶನಿವಾರದ ಲಸ್ಕರ್

ಇಂಗ್ಲೆಂಡಿನಲ್ಲಿ ಕೆಲವರಿಗೆ ವಾರವಿಡೀ 21ನೇ ಶತಮಾನದಲ್ಲಿ ದುಡಿದು, ಶನಿವಾರ 19ನೇ ಶತಮಾನಕ್ಕೆ ಹೋಗಿಬರುವ ಹವ್ಯಾಸ. ಹಳೆಯ ನೌಕಾಪಡೆಯ ವೇಷ ತೊಟ್ಟು, ಹಳೆಯ ಹಡಗು ಹತ್ತಿ, ಆಗಿನವರಂತೆಯೇ ಹಗ್ಗ ಎಳೆದು, ಆಗಿನವರಂತೆಯೇ ಬೈಸಿಕೊಳ್ಳುತ್ತಾರೆ. ಅಂಥದೊಂದು ಬಳಗಕ್ಕೆ ಆಫೀಸಿನ ಗೆಳೆಯ ನನ್ನನ್ನೂ ಸೇರಿಸಿದ. ಸಮುದ್ರ ದಾಟಿದವರಿಗೆ ಪ್ರಾಯಶ್ಚಿತ್ತ ಮಾಡಿಸುತ್ತಿದ್ದ ವಂಶದವನು ನಾನು. ವಿಮಾನದಲ್ಲಿ ದಾಟಿದ್ದರಿಂದ ಆ ಲೆಕ್ಕ ಇನ್ನೂ ಇತ್ಯರ್ಥವಾಗಿಲ್ಲ.

ಹಡಗು ಹಾರ್ಟ್ಲ್‌ಪೂಲಿನ ಎಚ್.ಎಂ.ಎಸ್. ಟ್ರಿಂಕೋಮಲಿ. ಬ್ರಿಟನ್ನಿನ ಯುದ್ಧನೌಕೆಗಳಲ್ಲಿ ಇನ್ನೂ ನೀರಿನ ಮೇಲಿರುವ ಹಿರಿಯಜ್ಜಿ. ಓಕ್ ಮರಕ್ಕೆ ಬರ ಬಂದಿದ್ದ ಕಾಲದಲ್ಲಿ, ಮುಂಬಯಿಯ ವಾಡಿಯಾ ಮನೆತನದ ಜಮ್‌ಶೇಟ್‌ಜಿ ಬೊಮನ್‌ಜಿ ಅವರು ಮಲಬಾರಿನ ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ್ದು. ಈಕೆಯನ್ನು ಕಟ್ಟಲು ಬೇಕಿದ್ದ ನಕ್ಷೆ ಹೊತ್ತು ಬರುತ್ತಿದ್ದ ಜಾವಾ ಎಂಬ ಹಡಗನ್ನು 1812ರಲ್ಲಿ ಅಮೆರಿಕದವರು ಹಿಡಿದುಬಿಟ್ಟರು. ಇನ್ನೊಂದು ನಕ್ಷೆ ಬಂದು ಕೆಲಸ ಶುರುವಾಗುವಷ್ಟರಲ್ಲಿ ಯುದ್ಧವೇ ಮುಗಿದು, ನೆಪೋಲಿಯನ್ ಸೇಂಟ್ ಹೆಲೆನಾದಲ್ಲಿ ಸೆರೆಯಲ್ಲಿದ್ದ. ಧಾರೆ ಮುಗಿದ ಮೇಲೆ ಬಂದ ವಾಲಗದವರಂತೆ ಈಕೆ 1819ರಲ್ಲಿ ಇಂಗ್ಲೆಂಡ್ ಮುಟ್ಟಿದಳು. 1845ರವರೆಗೆ ಸುಮ್ಮನೆ ಕೂರಿಸಿಟ್ಟರು.

ಪಾತ್ರ ಹಂಚುವಾಗ ಎಲ್ಲರಿಗೂ ಕ್ಯಾಪ್ಟನ್ ಆಗುವ ಆಸೆ. ಬಳಗದ ಇತಿಹಾಸ ಕಾಯುವ ಹಿರಿಯರೊಬ್ಬರಿದ್ದರು. ನಾನು ಮನಸ್ಸಿನಲ್ಲೇ ಮೇಷ್ಟ್ರು ಎನ್ನುತ್ತಿದ್ದೆ. ಅವರು ನನ್ನ ಮುಖ ನೋಡಿದರು, ದಪ್ಪ ಪುಸ್ತಕ ನೋಡಿದರು, "ಲಸ್ಕರ್" ಎಂದರು. ಏಷ್ಯಾದಿಂದ ಬಂದ ಕೂಲಿ ನಾವಿಕ. ಲಸ್ಕರರಿಗೆ ಬಿಳಿಯರಿಗಿಂತ ಕಡಿಮೆ ಸಂಬಳ ಎಂದು ಸಂಕೋಚದಿಂದಲೇ ತಿಳಿಸಿದರು. ನಮ್ಮಲ್ಲಿ ಯಾರಿಗೂ ಸಂಬಳವಿಲ್ಲ. ಸೊನ್ನೆಯಲ್ಲಿ ಎಷ್ಟು ಕಳೆಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಜಿಪ್ಪು ಕೂಡದು, ಕೈಗಡಿಯಾರ ಕೂಡದು, ಯಂತ್ರದ ಹೊಲಿಗೆ ಕಂಡರಂತೂ ಮುಗಿಯಿತು. ಹೆಂಡತಿಯ ಹಳೆ ಸೀರೆ ಹರಿದು ಮುಂಡಾಸು ಸುತ್ತಿಕೊಂಡು ಹೋದೆ. ಮೇಷ್ಟ್ರು ಅಂಚು ಹಿಡಿದು ಉಜ್ಜಿ, "ಪಾಲಿಯೆಸ್ಟರ್" ಎಂದರು. ಅಪ್ಪಟ ಹತ್ತಿಯೆಂದು ದುಡ್ಡು ತೆತ್ತವಳಿಗೆ ಈ ಸಂಶೋಧನೆಯನ್ನು ಇನ್ನೂ ತಿಳಿಸಿಲ್ಲ.

ಆಗಿನ ನಾವಿಕನಿಗೆ ದಿನಕ್ಕೆ ಒಂದು ಪೌಂಡು ಬಿಸ್ಕತ್ತು, ಒಂದು ಗ್ಯಾಲನ್ ಬಿಯರ್. ಸೋಮವಾರ, ಬುಧವಾರ, ಶುಕ್ರವಾರ ಮಾಂಸವಿಲ್ಲ. ಬ್ರಿಟಿಷ್ ನೌಕಾಪಡೆಯೂ ವಾರ ಹಿಡಿಯುತ್ತಿತ್ತೆಂದು ಹಿಗ್ಗಿದೆ. ನಾವು ಸೇರಿದ್ದು ಮಾತ್ರ ಶನಿವಾರ, ಉಪ್ಪು ಹಚ್ಚಿದ ದನದ ಮಾಂಸದ ದಿನ. ನನ್ನ ಪಾಲಿಗೆ ಬಿಸ್ಕತ್ತು ಉಳಿಯಿತು. ಹುಳ ಉದುರಲೆಂದು ಮೊದಲು ಮೇಜಿಗೆ ಕುಟ್ಟಬೇಕಂತೆ. ಕುಟ್ಟಿದೆ. ಮೇಜು ಉದುರುವಂತಾಯಿತೇ ಹೊರತು ಹುಳವಿರಲಿಲ್ಲ. ಅದನ್ನು ಕೊರೆಯಬಲ್ಲ ಹುಳ ಹುಟ್ಟಬೇಕಷ್ಟೆ.

ಆಮೇಲೆ ಮಂಡಿಯೂರಿ ಕಲ್ಲಿನಿಂದ ಡೆಕ್ಕು ತಿಕ್ಕುವ ಸೇವೆ. ಮನೆಯಲ್ಲಿ ಕಸಬರಿಕೆ ಮುಟ್ಟದವನು ಇಲ್ಲಿ ನೂರಾರು ಜನರೆದುರು, ಅದೂ ಅವರು ಟಿಕೆಟ್ ಕೊಂಡು ನೋಡುವಾಗ, ನೆಲ ತಿಕ್ಕಿದೆ. ಗೆಳೆಯ ತೆಗೆದ ವಿಡಿಯೊ ಮನೆ ತಲುಪಿದಂದಿನಿಂದ ಆ ಪಾತ್ರ ನನಗೆ ಕಾಯಂ ಆಗಿದೆ.

ತಿಕ್ಕುತ್ತಿದ್ದಾಗ ಅಜ್ಜಿಯೊಬ್ಬರು ಬಗ್ಗಿ, ನನಗೆ ತಿಳಿಯಲೆಂದು ಒಂದೊಂದೇ ಪದ ಬಿಡಿಸಿ ಕೇಳಿದರು: "ನಮ್ಮ ಹಡಗು ಇಷ್ಟವಾಯಿತೇ?"

"ಮರ ನಮ್ಮ ಕಡೆಯದು ತಾಯಿ, ಕಟ್ಟಿದವರೂ ನಮ್ಮವರೇ. ಸಾಗಿಸಿದ್ದಷ್ಟೇ ನೀವು," ಎಂದೆ.

ಅಜ್ಜಿ ನಕ್ಕರು. ಮೇಷ್ಟ್ರು ಅಲ್ಲಿಂದಲೇ ಗದರಿದರು. ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲವಂತೆ. ಆದರೆ 1817ರ ಲಸ್ಕರನಿಗೆ ಇಷ್ಟು ಇಂಗ್ಲಿಷ್ ಬರಕೂಡದು.