ಲೀಟರಿಗೆ ಹದಿನಾಲ್ಕು ಸಾಲು

ಹಿತ್ತಲ ತಗಡಿನ ಸೂರಿನಡಿ ಹನ್ನೊಂದು ವರ್ಷದಿಂದ ನಿಂತಿದ್ದ ಸಿಡಿ 100 ಬೈಕನ್ನು ಬಿಚ್ಚಿ, ಅದರ ಎಂಜಿನ್ ಹಾಕಿಸಿ ಪುಟ್ಟದೊಂದು ಟ್ರ್ಯಾಕ್ಟರ್ ಮಾಡಿಸುತ್ತೇನೆ ಎಂದಾಗ ನನ್ನ ಹೆಂಡತಿ ಬೈಯಲಿಲ್ಲ, ನಗಲೂ ಇಲ್ಲ. ಹುಣಸೆಹಣ್ಣು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ, "ನಮ್ಮಪ್ಪಂಗೆ ಏನಂತ ಹೇಳ್ತೀರಿ?" ಎಂದಳು.

ಬೈಕು ಮದುವೆಯಲ್ಲಿ ಮಾವ ಕೊಟ್ಟದ್ದು. ವರದಕ್ಷಿಣೆಯಲ್ಲ, ಪ್ರೀತಿಯಿಂದ ಕೊಟ್ಟದ್ದು. ಯಾರೂ ಕೇಳದಿದ್ದರೂ ಎರಡೂ ಮನೆಯವರು ಇಪ್ಪತ್ತೆಂಟು ವರ್ಷದಿಂದ ಹೀಗೇ ಹೇಳಿಕೊಂಡು ಬಂದಿದ್ದೇವೆ. 1985ರಲ್ಲಿ ಹೀರೋ ಹೋಂಡಾದಿಂದ ಬಂದ ಈ ಮಾದರಿ ಲೀಟರಿಗೆ 80 ಕಿಲೋಮೀಟರ್ ಎಂದೇ ಹೆಸರು ಮಾಡಿತ್ತು. ಪೆಟ್ರೋಲು ಹಾಕಿ, ಮುಚ್ಚಳ ಮುಚ್ಚಿ, ಮರೆತುಬಿಡಿ ಎನ್ನುವುದು ಅದರ ಜಾಹೀರಾತಿನ ತಾತ್ಪರ್ಯ. ಮಾವ ಮರೆಯುವ ಪೈಕಿಯಲ್ಲ. ಹಬ್ಬಕ್ಕೆ ಬಂದಾಗಲೆಲ್ಲ ಮಗಳ ಯೋಗಕ್ಷೇಮಕ್ಕೂ ಮೊದಲು ನನ್ನನ್ನು, "ಅಳಿಯಂದ್ರೆ, ಎಷ್ಟು ಕೊಡ್ತಾ ಅದ?" ಎಂದು ವಿಚಾರಿಸುತ್ತಿದ್ದರು. ಅವರು ಕೇಳುತ್ತಿದ್ದದ್ದು ಮೈಲೇಜನ್ನು, ನನ್ನ ಸಂಬಳವನ್ನಲ್ಲ ಎಂದು ತಿಳಿಯಲು ನನಗೆ ಎರಡು ಹಬ್ಬ ಬೇಕಾದವು.

ನಾನು ಚಾಮರಾಜನಗರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಜಮೀನು ಗುಂಡ್ಲುಪೇಟೆ ಕಡೆ, ತೆರಕಣಾಂಬಿ ದಾಟಿದ ಮೇಲೆ, ಒಂದು ಎಕರೆ ಹತ್ತು ಗುಂಟೆ. ಅರಿಸಿನ, ಬಾಳೆ, ಸಣ್ಣೀರುಳ್ಳಿ. ಮುಂಗಾರಿಗೆ ಮುಂಚಿನ ಮಳೆ ಬಿದ್ದರೆ ಚೆಂಡು ಹೂ. ಅಪ್ಪ ಹೋದ ಮೇಲೆ ಎತ್ತು ಮಾರಿದೆವು. ಅಲ್ಲಿಂದ ಪರದಾಟ. ಬಾಡಿಗೆ ಟ್ರ್ಯಾಕ್ಟರಿನವನ ಪಾಲಿಗೆ ನನ್ನ ಹೊಲ ಎಲೆ ತುದಿಯ ಉಪ್ಪು. ದೊಡ್ಡ ಹೊಲಗಳೆಲ್ಲ ಮುಗಿದು, ಹದ ಆರಿ, ಮಣ್ಣು ಇಟ್ಟಿಗೆಯಾದ ಮೇಲೆ ಬರುತ್ತಾನೆ. ಬಂದರೂ ಬಾಳೆಸಾಲಿನ ನಡುವೆ ಅದು ನುಗ್ಗದು. ತಿರುಗಿಸಬೇಕೆಂದರೆ ಪಕ್ಕದ ಹೊಲದ ಅಜ್ಜನ ಬದು ತುಳಿಯಬೇಕು. ತುಳಿದರೆ ಅಜ್ಜ ಮೂರು ತಲೆಮಾರಿನ ಸರ್ವೆ ನಂಬರು ಬಾಯಿಪಾಠ ಒಪ್ಪಿಸುತ್ತಾನೆ.

ಇಷ್ಟಕ್ಕೂ ಈ ಹುಚ್ಚು ನನ್ನೊಬ್ಬನದಲ್ಲ. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖಭಾಯಿ ಜಗಾನಿ 1990ರ ದಶಕದಲ್ಲಿ ಬುಲೆಟ್ ಬೈಕಿನ ಹಿಂದಿನ ಚಕ್ರ ಕಿತ್ತು, ಆ ಜಾಗಕ್ಕೆ ಎರಡು ಚಕ್ರ ಮತ್ತು ಕುಂಟೆ ಕೂರಿಸಿದವರು. 'ಬುಲೆಟ್ ಸಾಂತಿ' ಎಂದು ಅದು ಹೆಸರಾಯಿತು, ಪೇಟೆಂಟೂ ಸಿಕ್ಕಿತು. ನಮ್ಮ ಬಂಟ್ವಾಳದ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಬೈಕನ್ನೇ ಮಾಡಿ, 2019ರಲ್ಲಿ ದೇಶವೆಲ್ಲ ಮೊಬೈಲಿನಲ್ಲಿ ನೋಡುವಂತಾಯಿತು. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್ ಕೂರಿಗೆಯಿಂದ ಹಿಡಿದು ಹುಣಸೆಬೀಜ ಬೇರ್ಪಡಿಸುವ ಯಂತ್ರದವರೆಗೆ ಮಾಡಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ಇದೆಲ್ಲವನ್ನೂ ಹೆಂಡತಿಗೆ ವಿವರಿಸಿದೆ. ಬೆಳಗ್ಗೆ ಏಳಲಾಗದ ನಡಕಟ್ಟಿನ್, ಅಲಾರಂ ಹೊಡೆದೊಡನೆ ಮುಖಕ್ಕೆ ನೀರು ಬೀಳುವಂತೆ ಕಟ್ಟಿಕೊಂಡದ್ದೇ ಅವರ ಮೊದಲ ಆವಿಷ್ಕಾರ ಎಂಬುದನ್ನೂ ಒಗ್ಗರಣೆಗೆಂದು ಸೇರಿಸಿದೆ. ಸೇರಿಸಬಾರದಿತ್ತು. "ಮೊದಲು ಅದನ್ನೊಂದು ಮಾಡಿಸ್ಕೊಳ್ಳಿ. ಉಳೋದು ಆಮೇಲೆ ನೋಡುವ" ಎಂದಳು.

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಒಂದು ವೆಲ್ಡಿಂಗ್ ಶಾಪು. ಮೇಸ್ತ್ರಿ ನನ್ನ ಹಳೆಯ ವಿದ್ಯಾರ್ಥಿ, ವಿಜ್ಞಾನದಲ್ಲಿ ಎರಡು ಸಲ ಫೇಲು. ಫೇಲು ಮಾಡಿದವನು ನಾನೇ. ಹದಿನೈದು ದಿನ ಕೂತು ಬರೆದಿದ್ದ ನಕ್ಷೆಯನ್ನು ಅವನು ಒಮ್ಮೆ ನೋಡಿ, ಮಡಿಸಿ, ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಕೊಟ್ಟು, "ಬುಡಿ ಸಾ, ಮಾಡನ" ಎಂದ.

ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಓಡಾಟ ಬಂದ್. ಹೊತ್ತು ಮೀರಿ ಬಂದ ಲಾರಿಗಳು ಗುಂಡ್ಲುಪೇಟೆ ಕಡೆಯೇ ರಾತ್ರಿ ಕಳೆಯಬೇಕು. ಇದರಿಂದ ಜಿಂಕೆ, ಆನೆಗಳಿಗೆ ನೆಮ್ಮದಿ ಸಿಕ್ಕಿದ್ದು ನಿಜ. ನಮಗೆ ಸಿಕ್ಕಿದ್ದು, ನಿದ್ದೆ ಬಾರದೆ ವೆಲ್ಡಿಂಗ್ ಬೆಳಕು ಕಂಡಲ್ಲಿಗೆ ಹಾತೆಗಳಂತೆ ಬಂದು ಮುತ್ತುವ ಡ್ರೈವರುಗಳು. ದಿನಾ ರಾತ್ರಿ ಏಳೆಂಟು ಜನ ಚೀಫ್ ಎಂಜಿನಿಯರುಗಳು, ಮೂರು ಭಾಷೆ, ಒಂದು ಫ್ಲಾಸ್ಕು ಟೀ. ಟೀ ಲೆಕ್ಕ ನನ್ನದು.

ಗುಜರಿಯಿಂದ ನಾಲ್ಕು ಗೇರಿನ ಹಳೇ ಓಮ್ನಿಯ ಗೇರ್‌ಬಾಕ್ಸು, ಹಿಂದಿನ ಆಕ್ಸಲ್ಲು, ಸ್ಟೀರಿಂಗು ಬಂದವು. ಮುಂದಿನ ಚಕ್ರ ಆಟೋದವು. ಸೀಟು, ಮುರಿದ ಸಲೂನ್ ಕುರ್ಚಿಯದು. ಟ್ಯಾಂಕು ಬೈಕಿನದೇ, ಅದರ ಮೇಲೆ ಮಾವ ಬರೆಸಿದ್ದ 'ಶ್ರೀ ಮಲೆ ಮಹದೇಶ್ವರ ಪ್ರಸನ್ನ' ಇನ್ನೂ ಅಳಿಸಿರಲಿಲ್ಲ. ಕೂಡುಕುಟುಂಬ ಅಂದರೆ ಇದು. ಒಬ್ಬೊಬ್ಬರೂ ಬೇರೆ ಬೇರೆ ಮನೆಯಲ್ಲಿ ಬಾಳಿ ಬಂದವರು, ಅಲ್ಲಿನ ಚಾಳಿ ಬಿಡದವರು. ಸೀಟು ಇದ್ದಕ್ಕಿದ್ದಂತೆ ಹಿಂದಕ್ಕೆ ಮಲಗಿ, ಕೂತವನ ಗಡ್ಡವನ್ನು ಆಕಾಶಕ್ಕೆ ಎತ್ತುತ್ತಿತ್ತು.

ನನ್ನ ಲೆಕ್ಕ ಮಾತ್ರ ಗಟ್ಟಿಯಿತ್ತು. ಒಂದು ಜೋಡಿ ಎತ್ತಿನ ಶಕ್ತಿ ಹೆಚ್ಚುಕಮ್ಮಿ ಒಂದು ಅಶ್ವಶಕ್ತಿ, ಅಂದರೆ 746 ವ್ಯಾಟ್. ಈ 97.2 ಸಿಸಿ ಎಂಜಿನ್ನಿನದು ಏಳರ ಆಸುಪಾಸು. ಎಂದರೆ ಹಿತ್ತಲಲ್ಲಿ ಏಳು ಜೋಡಿ ಎತ್ತು ತುಕ್ಕು ಹಿಡಿಯುತ್ತಿದ್ದವು! ತೊಂದರೆ ಏನೆಂದರೆ ಈ ಏಳು ಜೋಡಿ ಓಡುವಾಗಷ್ಟೇ ಗಟ್ಟಿ, ನಿಧಾನ ನಡೆ ಎಂದರೆ ಬಡಕಲು. ಅದಕ್ಕೇ ಬೈಕಿನ ಗೇರು ದಾಟಿದ ಮೇಲೆ ಓಮ್ನಿಯ ಗೇರ್‌ಬಾಕ್ಸು. ಎರಡರಲ್ಲೂ ಫಸ್ಟ್ ಗೇರು ಹಾಕಿದರೆ ಎಂಜಿನ್ ಇನ್ನೂರು ಸುತ್ತಿನ ಮೇಲೆ ತಿರುಗಿದಾಗ ಚಕ್ರ ಒಂದು ಸುತ್ತು. ನಾಲ್ಕು ನಾಲ್ಕಲಿ ಹದಿನಾರು, ಮುಂದಕ್ಕೆ ಹದಿನಾರು ಗೇರು, ಹಿಂದಕ್ಕೆ ನಾಲ್ಕು. ಶೋರೂಮಿನ ಟ್ರ್ಯಾಕ್ಟರಿಗೂ ಇಷ್ಟಿರುತ್ತದೋ ಇಲ್ಲವೋ ಎಂದು ಸ್ಟಾಫ್‌ರೂಮಿನಲ್ಲಿ ಎರಡು ದಿನ ಮೀಸೆ ತಿರುವಿದೆ.

ಕೂತಲ್ಲಿಂದಲೇ ಕಿಕ್ಕರ್ ಕಾಲಿಗೆ ಸಿಗಲಿ ಎಂದು ಮೇಸ್ತ್ರಿ ಎಂಜಿನ್ನನ್ನು ಅಡ್ಡಡ್ಡ, ಕಿಕ್ಕರ್ ಸೀಟಿನ ಕಡೆ ಬರುವಂತೆ ಕೂರಿಸಿದ್ದ. ಮೇಷ್ಟ್ರಿಗೆ ವಯಸ್ಸಾಯಿತು, ಇಳಿದು ಹತ್ತುವ ಕಷ್ಟ ಬೇಡ ಎಂಬ ಗುರುಭಕ್ತಿ. ಕೋಯಿಕ್ಕೋಡ್ ಕಡೆಯ ಡ್ರೈವರೊಬ್ಬ ಅದನ್ನು ನೋಡಿದವನೇ ಕೈಯನ್ನು ಗಾಳಿಯಲ್ಲಿ ಸುತ್ತಿಸಿ, "ತಿರಿಚ್ಚು, ತಿರಿಚ್ಚು" ಎಂದು ಹೊಡೆದುಕೊಂಡ. ಟೀ ಬೆರೆಸಿ ಎನ್ನುತ್ತಿದ್ದಾನೆಂದು ಇನ್ನೊಂದು ಲೋಟ ಕೊಟ್ಟೆವು. ಆಕ್ಸಲ್ಲಿಗೆ ಜಾಕಿ ಕೊಟ್ಟು ಎತ್ತಿ ಸ್ಟಾರ್ಟ್ ಮಾಡಿದಾಗ ಚಕ್ರ ತಿರುಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾವ ಕಡೆಗೆ ತಿರುಗಿತು ಎಂದು ನೋಡಿದವರಿಲ್ಲ.

ಯುಗಾದಿಗೆ ನಮ್ಮ ಕಡೆ ಹೊನ್ನಾರು ಕಟ್ಟುತ್ತಾರೆ. ವರ್ಷದ ಮೊದಲ ಉಳುಮೆ. ಎತ್ತಿನ ಕೋಡಿಗೆ ಬಣ್ಣ, ಕೊರಳಿಗೆ ಹೂ, ಊರೆಲ್ಲ ಹಿಂದೆ. ಆ ಎತ್ತುಗಳು ಹೊಲಕ್ಕೆ ಹೋಗಿ ಬಂದ ಮೇಲೆ ನಮ್ಮ ಯಂತ್ರದ ಹೊನ್ನಾರು ಎಂದು ಮುಹೂರ್ತವಾಯಿತು. ಟೆಂಪೋದಲ್ಲಿ ಬಂದಿಳಿದ ಅದಕ್ಕೆ ಮಾವಿನ ತೋರಣ, ಚೆಂಡು ಹೂವಿನ ಹಾರ. ನಾಲ್ಕೂ ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು. ಎತ್ತು ನೋಡಲು ಬಂದವರೆಲ್ಲ ಇಲ್ಲಿ ನಿಂತರು. ಹಿಂದುಗಡೆ ನಿಂತರೆ ಕಾಣುವುದಿಲ್ಲವೆಂದು ಮುಂದೆ ನಿಂತರು, ಮಹದೇಶ್ವರನ ದಯೆ. ನಾನು ಗೇರು ಹಾಕಿ ಕ್ಲಚ್ ಬಿಟ್ಟೆ.

ನಾಲ್ಕು ನಿಂಬೆಹಣ್ಣೂ ಇಟ್ಟಲ್ಲೇ ಇದ್ದವು. ಟ್ರ್ಯಾಕ್ಟರು ಮೆಲ್ಲಗೆ, ಗಂಭೀರವಾಗಿ, ಉತ್ಸವಮೂರ್ತಿಯಂತೆ ಹಿಂದಕ್ಕೆ ಹೋಗತೊಡಗಿತು. ಗೇರು ಬದಲಿಸಿದೆ, ಇನ್ನೂ ಬೇಗ ಹಿಂದಕ್ಕೆ ಹೋಯಿತು. ಸೀಟು ತನ್ನ ಚಾಳಿಯಂತೆ ಮಲಗಿಸಿದ್ದರಿಂದ ತಿಪ್ಪೆಗುಂಡಿ ಬಂದದ್ದು ನನಗೆ ವಾಸನೆಯಿಂದಲೇ ಗೊತ್ತಾದದ್ದು. ಮರಳಲ್ಲಿ ಬಟ್ಟಲಿನಂಥ ಗುಂಡಿ ತೋಡಿಕೊಂಡು ಹಿಂಬದಿಯಿಂದಲೇ ಮಣ್ಣೊಳಗೆ ಇಳಿಯುವ ಒಂದು ಸಣ್ಣ ಹುಳ ಉಂಟಲ್ಲ, ಸುಮಾರಾಗಿ ಹಾಗೆ ಇಳಿದೆ.

ಕಾರಣ ತೀರಾ ಸರಳ, ಹತ್ತನೇ ತರಗತಿ ಹುಡುಗನೂ ಹೇಳಬಹುದಾದದ್ದು. ಎಂಜಿನ್ನನ್ನು ಅತ್ತ ಮುಖ ಮಾಡಿ ಕೂರಿಸುವುದರ ಬದಲು ಇತ್ತ ಮುಖ ಮಾಡಿ ಕೂರಿಸಿದರೆ, ಗೇರ್‌ಬಾಕ್ಸಿನ ಶಾಫ್ಟು ತಿರುಗಬೇಕಾದ ದಿಕ್ಕಿಗೆ ವಿರುದ್ಧ ತಿರುಗುತ್ತದೆ. ಹಿಂದಕ್ಕೆ ಹದಿನಾರು ಗೇರು, ಮುಂದಕ್ಕೆ ನಾಲ್ಕು. 'ತಿರಿಚ್ಚು' ಎಂದರೆ ಮಲಯಾಳದಲ್ಲಿ 'ತಿರುಗಿಸಿ' ಎಂದೂ ಅರ್ಥವಂತೆ. ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಾ, "ಇದು ನೀವು ಪಾಠ ಮಾಡ್ದಾಗ ನಾನು ಬಂದಿರ್ನಿಲ್ಲ ಅನ್ಸ್ತದ ಸಾ" ಎಂದ. ಪಕ್ಕದ ಹೊಲದ ಅಜ್ಜ ಬದುವಿನ ಮೇಲೆ ಕೂತೇ ಪರಿಹಾರ ಕೊಟ್ಟ: "ಅದ್ಯಾಕ್ ಒದ್ದಾಡೀರಿ ಮೇಷ್ಟ್ರೆ. ಸೀಟ ಈ ಕಡ್ಗ ತಿರ್ಗುಸ್ಬುಡಿ."

ಸೀಟು ತಿರುಗಿಸಲಿಲ್ಲ, ಎಂಜಿನ್ ತಿರುಗಿಸಿದೆವು. ಈಗ ಮುಂದಕ್ಕೆ ಹೋಯಿತು, ಆದರೆ ಕಿಕ್ಕರ್ ಅತ್ತ ಕಡೆಯಾಯಿತು. ಒಬ್ಬ ಮುಂದೆ ನಿಂತು ಒದೆಯಬೇಕು, ಇನ್ನೊಬ್ಬ ಕೂತು ಆಕ್ಸಿಲರೇಟರ್ ಕೊಡಬೇಕು. ಹೊಸ ಕಾಯಿಲೆಗಳೂ ಬಂದವು. ಗಾಳಿಗೆ ಎದೆಯೊಡ್ಡಿ ಓಡುತ್ತ ತಣ್ಣಗಾಗುವ ಎಂಜಿನ್ನು ಬಾಳೆಸಾಲಿನಲ್ಲಿ ಆಮೆ ನಡಿಗೆ ನಡೆದರೆ ಗಾಳಿ ಎಲ್ಲಿಂದ ಬಂದೀತು? ಹತ್ತೇ ನಿಮಿಷಕ್ಕೆ ಅದರ ಮೇಲೆ ರೊಟ್ಟಿ ಸುಡಬಹುದಿತ್ತು. ಕಾರಿನ ರೇಡಿಯೇಟರ್ ಫ್ಯಾನು, ಅದಕ್ಕೊಂದು ಬ್ಯಾಟರಿ ಕಟ್ಟಿದೆವು. ಕುಂಟೆ ಮಣ್ಣು ಕಚ್ಚಿದೊಡನೆ ಚಕ್ರ ನಿಂತಲ್ಲೇ ಗಿರಗಿರ ಸುತ್ತುತ್ತಿತ್ತು, ಶಕ್ತಿಯಿದೆ, ತೂಕವಿಲ್ಲ. ದೊಡ್ಡ ಟ್ರ್ಯಾಕ್ಟರುಗಳ ಟೈರಿಗೆ ನೀರು ತುಂಬುವುದು ಇದಕ್ಕೇ. ಚಾಮರಾಜನಗರದಲ್ಲಿ ಕರಿಕಲ್ಲಿಗೇನು ಬರ? ಕ್ವಾರಿಯ ಚೂರುಗಳನ್ನು ಆಕ್ಸಲ್ಲಿನ ಮೇಲೆ ಪೇರಿಸಿದೆವು. ಬೇರೆಯವರು ಈ ಕಲ್ಲನ್ನು ಜಪಾನಿಗೆ ಕಳಿಸುತ್ತಾರೆ, ನಾನು ಒಂದು ಬದುವಿನಿಂದ ಇನ್ನೊಂದು ಬದುವಿಗೆ ಕಳಿಸುತ್ತೇನೆ. ರಸ್ತೆಗೆ ಇಳಿಸುವಂತಿಲ್ಲ, ಕೆಎ 10 ಎಂದು ಬರೆದ ಹಳೇ ನಂಬರ್ ಪ್ಲೇಟನ್ನು ಹೆಂಡತಿ ಬಾವಿಯ ಪಕ್ಕ ಬಟ್ಟೆಸೋಪು ಇಡಲು ಇಟ್ಟುಕೊಂಡಿದ್ದಾಳೆ.

ಓಣಂ ಹೊತ್ತಿಗೆ ಹೂ ನೋಡಲು ಬರುವ ಕೇರಳದ ಜನ, ರಸ್ತೆಬದಿಯ ಚೆಂಡು ಹೂವು ಬಿಟ್ಟು ನಮ್ಮ ಹೊಲದವರೆಗೂ ನಡೆದು ಬಂದು ಯಂತ್ರದ ಜೊತೆ ಸೆಲ್ಫಿ ತೆಗೆದುಕೊಂಡರು. ಅಜ್ಜ ತಾನೇ ಅದನ್ನು ಮಾಡಿಸಿದವನಂತೆ ಸೀಟಿನಲ್ಲಿ ಕೂತು ಪೋಸು ಕೊಟ್ಟ. ಸೀಟು ಅವನನ್ನೂ ಮಲಗಿಸಿತು.

ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ಮಾವ ಬಂದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಿತ್ತಲಿಗೆ ಹೋಗಿ ಖಾಲಿ ಸೂರು ನೋಡಿ ಬಂದರು, ಏನೂ ಕೇಳಲಿಲ್ಲ. ಹೊಲಕ್ಕೆ ಕರೆದುಕೊಂಡು ಹೋದೆ. ಮೇಸ್ತ್ರಿ ಬಂದು ಒದೆಯುತ್ತಿದ್ದ, ಅದು ಕೆಮ್ಮುತ್ತಿತ್ತು. ಮಾವ ಸುಮ್ಮನೆ ಮೂರು ಸುತ್ತು ಬಂದರು. ಟ್ಯಾಂಕಿನ ಮೇಲಿನ ಮಹದೇಶ್ವರನಿಗೆ ಕೈಮುಗಿದರು. ಪಂಚೆ ಎತ್ತಿ ಕಟ್ಟಿ, ಮೇಸ್ತ್ರಿಯನ್ನು ಪಕ್ಕಕ್ಕೆ ಸರಿಸಿ, ಚೋಕು ಅರ್ಧ ಎಳೆದು, ಎರಡು ಸಲ ಸುಳ್ಳು ಕಿಕ್ಕು ಕೊಟ್ಟು ಮೂರನೆಯದಕ್ಕೆ ಒದ್ದರು. ಎಂಜಿನ್ನು ಮದುವೆಯ ದಿನದಂತೆ ಗುನುಗಿತು.

ನಾನು ಹತ್ತಿ ಕೂತು ಒಂದು ಸಾಲು ಹೋಗಿ ಬಂದೆ. ಅವರು ಬದುವಿನ ಮೇಲೆ ಅಜ್ಜನ ಪಕ್ಕ ನಿಂತು ನೋಡಿದರು.

"ಅಳಿಯಂದ್ರೆ, ಈಗ ಎಷ್ಟು ಕೊಡ್ತಾ ಅದ?"

"ಲೀಟರಿಗೆ ಹದಿನಾಲ್ಕು ಸಾಲು, ಮಾವ."

"ಒಂದು ಸಾಲು ಎಷ್ಟುದ್ದ?"

"ಅರುವತ್ತು ಮೀಟರು."

ಮಾವ ಬೆರಳು ಮಡಿಸಿ ಲೆಕ್ಕ ಹಾಕಿದರು. ಇನ್ನೊಮ್ಮೆ ಹಾಕಿದರು. ಆಮೇಲೆ ತಗ್ಗಿದ ದನಿಯಲ್ಲಿ, ಟ್ಯಾಂಕಿಗೆ ಕೇಳಿಸಬಾರದೆಂಬಂತೆ, "ಕಾರ್ಬುರೇಟರ್ ಒಂದ್ಸಲ ಕ್ಲೀನ್ ಮಾಡ್ಸಿ" ಎಂದರು.